ಯಾವ ನೀರಿನ ಮೀನು

"ಲೇ ಮುಂಡೆ, ಅರ್ಗೋಲ ಈಚ್ಗ ತಗಿಯೇ!"

ಹುಟ್ಟಿದಾಗಿನಿಂದ ಕೇಳಿದ ಬೈಗುಳ ಅದು. ನಮ್ಮ ಕೇರಿಯಲ್ಲಿ ಹೆಂಗಸರಿಗೂ, ಒದೆಯುವ ಎಮ್ಮೆಗೂ, ಹರಿದ ಬಲೆಗೂ ಅದನ್ನೇ ಅನ್ನುತ್ತಾರೆ. ಗಂಡ ಬದುಕಿರುವವರಿಗೇ ಹೆಚ್ಚಾಗಿ ಅನ್ನುತ್ತಾರೆ. ಆ ಬೆಳಗ್ಗೆ ಮಾತ್ರ ಅದು ಸರಿಯಾದ ಮನೆಗೆ ಬಂದಿತ್ತು. ಒಲೆ ಮುಂದೆ ಕೂತಿದ್ದ ನಾನು "ಬಂದೆ" ಎಂದೆ. ಎಂದ ಮೇಲೆ ನಗು ಬಂತು.

ಹಿಂದಿನ ದಿನ ನನ್ನ ಗಂಡ ಮಹದೇವುವಿನ ತಿಥಿ ಮುಗಿದಿತ್ತು. ನೆಂಟರು ಉಂಡು, ಮಿಕ್ಕಿದ್ದನ್ನು ಕಟ್ಟಿಸಿಕೊಂಡು, ಕಣ್ಣೊರೆಸಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದ್ದರು. ಇವತ್ತು ಅಳುವುದಕ್ಕೆ ಯಾರೂ ಇರಲಿಲ್ಲ. ಸುಮ್ಮನೆ ಬೆಳಗಾಗಿತ್ತು.

ಅವನು ಹೋದಾಗಿನಿಂದ ನನಗೆ ಅಳು ಬಂದಿರಲಿಲ್ಲ. ಹರಿಗೋಲಿನಲ್ಲಿ ಗಿರಗಿರ ಸುತ್ತಿ ದಡಕ್ಕಿಳಿದರೆ ಸ್ವಲ್ಪ ಹೊತ್ತು ನೆಲ ತಿರುಗುತ್ತದಲ್ಲ, ಹಾಗೆ ಎಲ್ಲವೂ ಮೆಲ್ಲಗೆ ತಿರುಗುತ್ತಿತ್ತು. ತಿರುಗಿದಾಗಲೆಲ್ಲ ನಗು ಉಕ್ಕುತ್ತಿತ್ತು. ಹೆಣದ ಮುಂದೆಯೂ ಬಂದಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ನೋಡಿದವರು ಭಾರೀ ದುಃಖ ಅಂದುಕೊಂಡರು.

ಹೊರಗೆ ನಿಂತಿದ್ದವನು ಮಡುವಿನ ಕಾವಲಿನ ಪುಟ್ಟಮಲ್ಲಪ್ಪ. ಖಾಕಿ ಅಂಗಿ ಇಲಾಖೆ ಕೊಟ್ಟದ್ದು, ಸಂಬಳ ಪಟೇಲರು ಕೊಡುತ್ತಿದ್ದದ್ದು. ನಮ್ಮ ಗೋಡೆಗೆ ಒರಗಿಸಿದ್ದ ಹರಿಗೋಲಿಗೆ ಅವನು ದೂರದಿಂದಲೇ ದೊಣ್ಣೆ ತೋರಿಸುತ್ತಿದ್ದ.

"ಪಟೇಲ್ರು ಯೋಳವ್ರೆ. ಇದು ಜಪ್ತಿ. ಬೆಂಗ್ಳೂರಿಂದ ಆಫೀಸರು ಬತ್ತಾವ್ರೆ. ಅವ್ರ ಜೀಪು ಅತ್ತಗ್ ಓಯ್ತಿದ್ದಂಗೆ ಇದು ನನ್ ಗುಡ್ಲ್ತವು ಇರ್ಬೇಕು."

ನನ್ನ ಅತ್ತೆ ಚಿಕ್ಕಬಸಮ್ಮ ಇದ್ದಿಲಿನಲ್ಲಿ ಹಲ್ಲುಜ್ಜುತ್ತಿದ್ದಳು. ಉಗಿದಳು. ಅವನ ಕಾಲ ಹತ್ತಿರಕ್ಕೇ ಬಿತ್ತು.

"ಒತ್ಕಂಡೋಗು. ಬ್ಯಾಡ ಅಂದೋರ್ ಯಾರು?"

"ನಾನಾ?"

"ಇನ್ಯಾರು, ನಿಮ್ಮಪ್ಪನ್ನ ಗುಂಡಿಯಿಂದ ಎಬ್ಬರಿಸ್ತೀಯಾ?"

"ಮನ್ಸ ಸತ್ತಿರ ಅರ್ಗೋಲ ನಾನ್ ಮುಟ್ಟಾನೇನಮ್ಮಿ? ನೀವೇ ಒತ್ಕಂಡ್ ಬಂದ್ ಮಡಗ್ಬೇಕು."

"ಓಹೋ! ಕಳ್ನ ಮನ್ಗ ಗಂಟ ನಾವೇ ಒತ್ಕಂಡೋಗ್ಬೇಕಾ? ಎಲಡಿಕೇನೂ ಇಡವಾ ಜೊತ್ಗ? ನಿನ್ ಬಾಯ್ಗ ಮಣ್ಣಾಕ, ಬೋಳಿಮಗನೆ. ಒಂದ್ ಸೂರು ಸಾಲ್ದಾ ನಿಂಗ?"

ಸೂರು ಎಂದದ್ದಕ್ಕೆ ಕಾರಣವಿತ್ತು. ಪುಟ್ಟಮಲ್ಲಪ್ಪನ ಕಾವಲು ಗುಡಿಸಲಿನ ಮೇಲೆ ಬೋರಲು ಬಿದ್ದಿದ್ದದ್ದು ಮಹದೇವುವಿನ ಸ್ವಂತ ಹರಿಗೋಲು. ಹಿಂದಿನ ಬೇಸಿಗೆಯಲ್ಲಿ ಜಪ್ತಿಯಾದದ್ದು. ಬಿಸಿಲಿಗೂ ಮಳೆಗೂ ಅದೇ ಅವನಿಗೆ ಹೆಂಚು. ಈಗ ನಮ್ಮ ಗೋಡೆಗೆ ಒರಗಿದ್ದದ್ದು ಎರವಲಿನದು. ಹೊಳೆ ಆಚೆಯ ದೊಡ್ಡಮಾದಯ್ಯನದು. ಅದನ್ನೇ ತಗೊಂಡು ಹೋಗಿ ಮಹದೇವು ಸತ್ತ.

ಮುಳ್ಳೂರಿನಿಂದ ಸ್ವಲ್ಪ ಕೆಳಗೆ ಕಾವೇರಿ ಒಂದು ಕಡೆ ಅಗಲವಾಗಿ, ಆಳವಾಗಿ, ಸದ್ದಿಲ್ಲದೆ ನಿಲ್ಲುತ್ತಾಳೆ. ಅದೇ ಮಡು. ಅದರ ಮೇಲಕ್ಕೆ ಬಂಡೆ, ಕೆಳಕ್ಕೆ ನೀರು ಮುರಿದು ಧುಮುಕುವ ಕೊರಕಲು. ಆರಿದ್ರೆ ಮಳೆ ಬಿದ್ದು ಹೊಳೆ ಕೆಂಪಾದರೆ ನಮ್ಮ ಬೆಸ್ತರ ಕೇರಿ ಮಡುವಿಗೆ ಬಲೆ ಹಾಕುತ್ತಿರಲಿಲ್ಲ. ಬಸುರಿ ಮೀನು ಅಲ್ಲಿಗೆ ಬರುತ್ತದೆ. ಹಾಕಿದವನ ಮನೆಗೆ ಕೇರಿಯಲ್ಲಿ ಯಾರೂ ಬೆಂಕಿ ಕೊಡುತ್ತಿರಲಿಲ್ಲ. ಮರಿಗಳು ಬಲಿತ ಮೇಲೆ ಎಲ್ಲರೂ ಇಳಿಯುತ್ತಿದ್ದರು.

ನಾನು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಇಲಾಖೆಯವರು ಬಂದು ಇದನ್ನು ಕಂಡುಹಿಡಿದರು. ಮತ್ಸ್ಯಧಾಮ ಎಂದು ಬೋರ್ಡು ನೆಟ್ಟರು. ವರ್ಷಪೂರ್ತಿ ಮುಚ್ಚಿದರು. ಬಲೆಗೆ ಮುಚ್ಚಿದ್ದು ಹರಿಗೋಲಿಗೂ ಮುಚ್ಚಿತು. ಮಡುವಿನ ಮೆಟ್ಟಿಲ ಮೇಲೆ, ಮೀನಿಗೆ ಹಾಕಲೆಂದು ಯಾತ್ರಿಕರಿಗೆ ಪುರಿ ಮಾರುವ ಅಂಗಡಿ ಪಟೇಲ ಗುರುಪಾದಸ್ವಾಮಿಗಳ ತಮ್ಮನದಾಯಿತು. ಮಡು ತುಂಬಿ ಹೊರಕ್ಕೆ ಬಂದ ಮೀನನ್ನು ಕೊರಕಲಿನಾಚೆ ಹಿಡಿಯುವ ಗುತ್ತಿಗೆ ಪಟೇಲರದೇ ಆಯಿತು. ಕೇರಿಯವರು ಅವರ ಬಲೆ ಎಳೆಯುವ ಕೂಲಿಗಳಾದರು. ಪಟೇಲರು ಮೀನು ತಿನ್ನುವವರಲ್ಲ, ಮುಟ್ಟುವವರೂ ಅಲ್ಲ. ಗುತ್ತಿಗೆಗೆ ಮೈಲಿಗೆ ಇಲ್ಲವಂತೆ.

ಮಹದೇವು ಮಾತ್ರ ಕೂಲಿಗೆ ಹೋಗಲಿಲ್ಲ. "ನನ್ ಹೊಳೆ ಮೀನ ಅವ್ನ ಬಲೆಗ ಎಳ್ಕೊಡಕ ನಾನೇನ್ ಅವ್ನ ಎತ್ತಾ?" ಎನ್ನುತ್ತಿದ್ದ. ಯಾರಿಗೂ ಬೇಡದ ಜಾಗ ಒಂದೇ ಉಳಿದಿತ್ತು, ಕೊರಕಲು. ಅಲ್ಲಿಗೆ ಹೋದ. ಮೇಲಿನ ಕಟ್ಟೆಯಲ್ಲಿ ಯಾರೋ ಬಾಗಿಲು ಎತ್ತಿದರು. ನೀರು ಬಂತು. ಹರಿಗೋಲು ತಾನಾಗಿ ಸುತ್ತುತ್ತಾ ಬಂದು ದಡಕ್ಕೆ ಹತ್ತಿಕೊಂಡು ನಿಂತಿತು. ಒಂದು ಗೀರೂ ಇರಲಿಲ್ಲ. ಅವನು ಆಮೇಲೆ ಸಿಕ್ಕಿದ.

ನಾನು ಓದಿದ ಎಕನಾಮಿಕ್ಸ್ ಅಂದರೇನು ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದ. ಇರುವುದು ಕಡಿಮೆ, ಬೇಕಾದವರು ಜಾಸ್ತಿ, ಯಾರಿಗೆ ಎಷ್ಟು ಎಂದು ನೋಡುವ ವಿದ್ಯೆ ಎಂದಿದ್ದೆ. "ಅಯ್ಯೋ, ನಮ್ಮವ್ವ ಮೀನ್‌ಸಾರು ಬಿಡದು ಅನ್ನು" ಎಂದು ನಕ್ಕಿದ್ದ.

ಪುಟ್ಟಮಲ್ಲಪ್ಪ ಬೈದುಕೊಳ್ಳುತ್ತಾ ಹೋದ ಮೇಲೆ ಅತ್ತೆ ಬಾಯಿ ಮುಕ್ಕಳಿಸಿ, ಹರಿಗೋಲಿನ ಬುಡದಲ್ಲಿ ಕೂತಳು.

"ಕೂಸೇ, ಇದ ಇವತ್ತೇ ಮುಟ್ಟಿಸ್ಬೇಕು ಕನ. ಅವ್ನ್ ಕೈಗ್ ಸಿಕ್ರ ದೊಡ್ಡಮಾದಯ್ಯನ್ ಮನ ಉಪಾಸ. ಅವ್ನ್ಗೂ ಇರದು ಇದೊಂದೇಯ."

"ಕಾಲ್ದಾರಿಲಿ ಒತ್ಕಂಡೋಗಿ ಸೇತುವೆ ದಾಟ್ಸಾನ ಅತ್ತೆಮ್ಮ."

"ತೂ! ನೀರ್ ಮ್ಯಾಲ್ ಬಂದದ್ದು ನೀರ್ ಮ್ಯಾಲೇ ಓಗ್ಬೇಕು. ಎರವ್ಲು ಉಳಿಸ್ಕಂಡ್ ಸತ್ತೋನು ದಡ ಸೇರಲ್ಲ. ಅಂಗೇ ನಡನೀರಲ್ಲಿ ಸುತ್ತುತಾ ಇರ್ತಾನ. ನನ್ ಮಗ ಸುತ್ತುತಾ ಇರ್ಲಿ ಅಂದೀಯಾ?"

"ಇಲ್ಲ ಅತ್ತೆಮ್ಮ."

"ಬರಿ ಅರ್ಗೋಲ ಕೊಡಂಗೂ ಇಲ್ಲ. ಒಳ್ಗ ಮೀನಿರ್ಬೇಕು. ಸಂತೇಲ್ ಕೊಂಡ್ ಮೀನು ಆಗಲ್ಲ. ಯಾವ್ ನೀರ ದಾಟ್ತದೋ ಆ ನೀರ್ದೇ ಆಗ್ಬೇಕು. ಯಾವ್ ನೀರಿಂದು ಅಂತ ಕೇಳ್ತಾನ ಅವ್ನು. ಯೋಳ್ಬೇಕು."

ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಪಾತ್ರೆ ಎರವಲು ತಂದವರು ಬರಿ ಪಾತ್ರೆ ಹಿಂತಿರುಗಿಸುತ್ತಾರೆಯೇ? ಹಾಗೆ. ಆದರೆ ನಮ್ಮ ದಡಕ್ಕೂ ದೊಡ್ಡಮಾದಯ್ಯನ ದಡಕ್ಕೂ ನಡುವೆ ಇದ್ದದ್ದು ಮಡು. ಮಹದೇವು ಕದ್ದು ದಾಟಿಸಿಕೊಂಡು ಬಂದಿದ್ದ. ಸಂಜೆಯೊಳಗೆ, ಕಾವಲಿನವನ ಕಣ್ಣ ಮುಂದೆ, ಮುಚ್ಚಿದ ನೀರಿನ ಮೇಲೆ, ಮುಚ್ಚಿದ ನೀರಿನದೇ ಮೀನು ಹಾಕಿಕೊಂಡು ಹರಿಗೋಲು ದಾಟಬೇಕು. ನನಗೆ ಮತ್ತೆ ನಗು ಬಂತು. ಅತ್ತೆ ನನ್ನ ಮುಖ ನೋಡಿ, ತಾನೂ ಕಿಸಕ್ಕನೆ ನಕ್ಕು, ಆಮೇಲೆ ಅತ್ತಳು.

*

ಆಫೀಸರು ಜೀಪಿನಲ್ಲಿ ಬಂದಾಗ ಬಿಸಿಲೇರಿತ್ತು. ಹೊಂಗೆ ಮರದ ಕೆಳಗೆ ಮೇಜು. ಅವರಿಗೊಂದು, ಪಟೇಲರಿಗೊಂದು ಮಡಚುವ ಕಬ್ಬಿಣದ ಕುರ್ಚಿ. ಕೇರಿಯವರು ನೆಲದ ಮೇಲೆ. ಆಫೀಸರ ಹೆಸರು ಶ್ರೀಕಂಠಮೂರ್ತಿ. ಚಿಕ್ಕ ವಯಸ್ಸು, ಬೆವರುವ ಮೈ, ಒಳ್ಳೆಯ ಮುಖ. ವಿದೇಶದಲ್ಲಿ ತರಬೇತಿ ಮುಗಿಸಿ ಬಂದಿದ್ದರಂತೆ.

"ನೋಡಿ, ನಿಮ್ಮ ಈ ಮಡು ಮುಚ್ಚಿರೋದರಿಂದ ಜನಕ್ಕೆ ಎಷ್ಟು ರೂಪಾಯಿ ಲಾಭ ಆಗ್ತಿದೆ ಅಂತ ಲೆಕ್ಕ ಹಾಕೋಕೆ ಬಂದಿದ್ದೀನಿ. ಲಾಭ ತೋರಿಸಿದರೆ ಸರ್ಕಾರ ಇದನ್ನ ಶಾಶ್ವತ ಮಾಡುತ್ತೆ. ಈಗ ಒಬ್ಬೊಬ್ಬರೇ ಹೇಳಿ. ಈ ಮಡು ಹೀಗೇ ಸುರಕ್ಷಿತವಾಗಿ ಉಳಿಯಬೇಕು ಅಂದ್ರೆ, ನೀವು ವರ್ಷಕ್ಕೆ ಎಷ್ಟು ಕೊಡೋಕೆ ತಯಾರಿದ್ದೀರಿ?"

ಅತ್ತೆ ಕತ್ತು ಮುಂದೆ ಚಾಚಿದಳು.

"ಕೊಡದು ನಾವಾ?"

"ಹೌದಮ್ಮ. ನಿಜವಾಗಿ ಕೊಡೋದಲ್ಲ. ಕೊಡೋ ಹಾಗಿದ್ರೆ."

"ನಿಜ್ವಾಗಿ ಕೊಡದಲ್ವಾ?"

"ಅಲ್ಲ."

"ಅಂಗಾದ್ರ ಲಕ್ಷ ಬರ್ಕಳಪ್ಪ. ನಮ್ ಬೀಗ್ರುದೂ ಸೇರ್ಸಿ ಎಲ್ಡು ಲಕ್ಷ ಬರ್ಕ."

ಕೇರಿ ಗೊಳ್ಳೆಂದಿತು. ಆಫೀಸರೂ ನಕ್ಕರು.

"ಅಷ್ಟೆಲ್ಲ ಆಗಲ್ಲಮ್ಮ. ನಿಮ್ಮ ಆದಾಯದ ಒಳಗೆ ಇರಬೇಕು."

"ಆದಾಯ ಎಲ್ಲದೆ ನನ್ನಪ್ಪ?"

"ಹಾಗಾದ್ರೆ ಸೊನ್ನೆ ಬರೀಬೇಕಾಗುತ್ತೆ. ಸೊನ್ನೆ ಅಂದ್ರೆ ನಿಮಗೆ ಮಡು ಬೇಡ ಅಂತ ಅರ್ಥ ಬರುತ್ತೆ."

"ಅಯ್ಯಯ್ಯೋ, ಬ್ಯಾಡ ಅಂದೋರ್ಯಾರು? ನಮ್ ಮಡು ಕನ ಅದು!"

"ಬೇಕು ಅಂದ್ರೆ ಎಷ್ಟಕ್ಕೆ?"

"ಇದ್ಯಾವ್ ನ್ಯಾಯ ಬುದ್ದಿ? ನಮ್ದ ನಾವೇ ಕೊಂಡ್ಕಬೇಕಾ?"

ಪಟೇಲರು ಪಂಚೆ ಸರಿಮಾಡಿಕೊಂಡರು. "ತಲೆಗೆ ಐದೈದ್ ರೂಪಾಯಿ ಹಾಕ್ಕಳಿ ಸಾರ್. ಕೊಡ್ತಾರೆ. ಕೊಡ್ದೆ ಎಲ್ಲೋಯ್ತಾರೆ, ಮುಂಡೇವು?"

"ಏಯ್, ಕೈ ಎತ್ರೋ!" ಎಂದ ಪುಟ್ಟಮಲ್ಲಪ್ಪ.

ಪಟೇಲರ ಬಲೆ ಎಳೆಯುವ ಕೈಗಳೆಲ್ಲ ಮೇಲೆದ್ದವು. ಆಫೀಸರು ಬರೆದುಕೊಂಡರು.

"ಇನ್ನೊಂದು. ಮೀನು ನೋಡಿದ್ರೆ ಸಂತೋಷ ಆಗುತ್ತಾ?"

"ಆಯ್ತದ," ಅತ್ತೆಯೇ ಹೇಳಿದಳು.

"ಎಷ್ಟು? ಒಂದರಿಂದ ಐದರೊಳಗೆ ಹೇಳಿ."

"ನೀರಲ್ ನೋಡುದ್ರಾ, ಸಾರಲ್ ನೋಡುದ್ರಾ?"

ನನಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಲ್ಲರೂ ನಿಲ್ಲಿಸಿದ ಮೇಲೂ ನಗುತ್ತಿದ್ದೆ. ಮರ, ಮೇಜು, ಪಟೇಲರ ಹಣೆಯ ವಿಭೂತಿ ಎಲ್ಲವೂ ಸುತ್ತುತ್ತಿದ್ದವು.

"ಯಾರೇ ಅದು?" ಪಟೇಲರು ಎದ್ದರು. "ಮಾದೇವನ್ ಹೆಂಡ್ತಿಯಲ್ವಾ? ಗಂಡನ್ನ ಮಣ್ಣಿಗಾಕಿ ಇನ್ನೂ ಕೈ ಒಣಗಿಲ್ಲ, ಹಲ್ ಕಿರೀತಾಳೆ ಲೌಡಿ. ಬೆಸ್ತರ ಹೆಣ್ಣಿಗೆ ಕಾಲೇಜು ಅಂದ್ರೆ ಇದೇಯ, ನೋಡಿ ಸಾರ್."

"ನೀವು ಓದಿದ್ದೀರಾ?" ಆಫೀಸರು ನನ್ನನ್ನು ಕೇಳಿದರು.

"ಎಂ.ಎ. ಅರ್ಥಶಾಸ್ತ್ರ. ಮಾನಸಗಂಗೋತ್ರಿ. ಸಣ್ಣತಾಯಿ ಅಂತ."

ಅವರು ಕುರ್ಚಿಯಿಂದ ಅರ್ಧ ಎದ್ದರು. ಪಟೇಲರ ಕಡೆ ನೋಡಿ ಮತ್ತೆ ಕೂತರು.

"ಹಾಗಾದ್ರೆ ನಿಮಗೆ ಅರ್ಥವಾಗುತ್ತೆ. ಬಳಕೆಯ ಬೆಲೆ, ಬಳಸದೆಯೂ ಇರುವ ಬೆಲೆ... ನಿಮ್ಮ ಯಜಮಾನರು?"

"ಮಡೂಲಿ ಇದ್ದ ದೇವ್ರ ಮೀನಿಗೆ ಕೈ ಹಾಕ್ದ ಸಾರ್," ಪಟೇಲರು ನನಗಿಂತ ಮೊದಲು ಹೇಳಿದರು. "ಗಂಗಮ್ಮ ಎಳ್ಕಂಡ್ಳು. ಜನಕ್ಕೆ ಅಷ್ಟು ನಂಬಿಕೆ ಇದೆ ಈ ಜಾಗದ ಮೇಲೆ."

ಆಫೀಸರು ಪೆನ್ನಿನ ಕ್ಯಾಪು ತೆಗೆದರು. "ಧಾರ್ಮಿಕ ಮೌಲ್ಯ," ಎಂದು ಮೆಲ್ಲಗೆ ಹೇಳಿಕೊಳ್ಳುತ್ತಾ ಬರೆದರು.

ಮಹದೇವು ಮಡುವಿನ ಮೀನು ಮುಟ್ಟಿದವನಲ್ಲ. ಕೊರಕಲಿನಲ್ಲಿ ಸಿಕ್ಕಿದ ಬಸುರಿ ಮೀನನ್ನೂ ಬಿಟ್ಟು ಬರುತ್ತಿದ್ದವನು. ಈಗ ಅವನ ಸಾವು ಮಡುವಿನ ಬೆಲೆಯನ್ನು ಸ್ವಲ್ಪ ಏರಿಸಿತ್ತು.

"ಸಾರ್, ಮಡು ಬಿಟ್ಟು ಹೊರಗೆ ಬರೋ ಮೀನಿದೆಯಲ್ಲ," ಎಂದೆ. "ಅದರ ಲಾಭ ಯಾರದು ಅಂತ ಬರ್ಕೊಂಡಿದ್ದೀರಿ?"

"ಗ್ರಾಮದ್ದು."

"ಗ್ರಾಮ ಅಂದ್ರೆ ಯಾರು?"

ಆಫೀಸರು ಪಟೇಲರನ್ನು ನೋಡಿದರು. ಪಟೇಲರಿಗೆ ಆ ಪ್ರಶ್ನೆ ನಿಜಕ್ಕೂ ಅರ್ಥವಾಗಲಿಲ್ಲ.

"ಯಾಕೆ? ನಾವಿಲ್ವಾ?" ಎಂದರು.

*

ಊಟವಾದ ಮೇಲೆ ಆಫೀಸರಿಗೆ ಮಡುವಿನ ನಡುವಿನ ದೊಡ್ಡ ಮೀನುಗಳನ್ನು ಕಣ್ಣಾರೆ ನೋಡಬೇಕೆನ್ನಿಸಿತು. ದಡದಿಂದ ನೋಡಿದರೆ ವರದಿ ಪೂರ್ತಿಯಾಗುವುದಿಲ್ಲವಂತೆ. ಹರಿಗೋಲು ಎಲ್ಲಿದೆ? ಹರಿಗೋಲುಗಳನ್ನೆಲ್ಲ ಪಟೇಲರೇ ಹಿಡಿಸಿ ಕೆಳಗಿನ ಗುತ್ತಿಗೆಗೆ ಸಾಗಿಸಿದ್ದರು. ಮಿಕ್ಕಿದ್ದು ಗುಡಿಸಲ ಮೇಲಿನದು, ನಮ್ಮ ಗೋಡೆಯದು.

"ನಮ್ಮಲ್ಲಿದೆ ಸಾರ್. ನಾನೇ ಹುಟ್ಟು ಹಾಕ್ತೀನಿ," ಎಂದೆ.

"ಬುದ್ದೀ," ಪುಟ್ಟಮಲ್ಲಪ್ಪ ಪಟೇಲರ ಕಿವಿಗೆ ಬಗ್ಗಿದ. "ಅದು ಸತ್ತೋನ್ ಅರ್ಗೋಲು. ಮ್ಯಾಲಾಗಿ ಮುಂಡೆ ನೀರ್ಗಿಳಿಯದು..."

"ಥೂ, ಆಫೀಸರ್ ಮುಂದೆ ಮೌಢ್ಯ ಮಾತಾಡ್ಬೇಡ," ಎಂದರು ಪಟೇಲರು. "ಹೆಂಗೂ ಆಮೇಲೆ ನಮ್ ಕಡೆಗೇ ಬರೋದಲ್ವಾ ಅದು."

"ನೀವೂ ಬನ್ನಿ ಪಟೇಲರೇ. ನೀವೇ ತೋರಿಸಬೇಕು," ಎಂದರು ಆಫೀಸರು.

ಪಟೇಲರ ಮುಖ ಸಣ್ಣದಾಯಿತು. ಹೊಳೆದಂಡೆಯಲ್ಲೇ ಹುಟ್ಟಿ ಬೆಳೆದರೂ ಅವರು ಮೊಣಕಾಲಿನವರೆಗೂ ನೀರಿಗೆ ಇಳಿದವರಲ್ಲ. ಹಿಂದಿನಿಂದ ಅತ್ತೆಯ ದನಿ ಬಂತು. "ಬ್ಯಾಡಿ ಬುದ್ದಿ, ಬ್ಯಾಡಿ. ನೀರಂದ್ರ ದೊಡ್ಡೋರ್ಗೂ ಭಯ ಇದ್ದದ್ದೇಯ." ಅಷ್ಟು ಸಾಕಾಯಿತು. ಪಟೇಲರು ಎಕ್ಕಡ ಬಿಟ್ಟು ನಡೆದರು.

ಕೇರಿಯ ಹೆಂಗಸರು ಹರಿಗೋಲನ್ನು ತಲೆಯ ಮೇಲೆ ಹೊತ್ತು ತಂದು ನೀರಿಗೆ ಬಿಟ್ಟರು. ಹರಿಗೋಲಿನ ಹೊದಿಕೆ ಎಮ್ಮೆಯ ಚರ್ಮ, ಮೈಲಿಗೆ ಎಂದು ಪಟೇಲರಿಗೆ ಗೋಣಿತಾಟು ಹಾಸಿದರು. ಆಫೀಸರಿಗೆ ಕುರ್ಚಿ ಬೇಕೆಂದು ಪಟೇಲರೇ ಹಟ ಹಿಡಿದರು. "ಗೆಜೆಟೆಡ್ ಆಫೀಸರು ಕುಕ್ಕರುಗಾಲಲ್ಲಿ ಕೂರದಾ?" ಹರಿಗೋಲಿನ ಉಂಡೆ ತಳದ ಮೇಲೆ ಕಬ್ಬಿಣದ ಕುರ್ಚಿ, ಕುರ್ಚಿಯ ಮೇಲೆ ಆಫೀಸರು, ಕಾಲಡಿಯಲ್ಲಿ ಪಟೇಲರು, ಪಕ್ಕದಲ್ಲಿ ಪುರಿ ಚೀಲ. ಮಹದೇವುವಿನ ಹುಟ್ಟು ಅವನ ಜೊತೆಗೇ ಹೋಗಿತ್ತು. ಅಟ್ಟದಿಂದ ಮಾವನ ಕಾಲದ ಹುಟ್ಟು ತೆಗೆದುಕೊಟ್ಟು ಅತ್ತೆ ನನ್ನ ಸೆರಗನ್ನು ಎಳೆದು ಬಿಗಿಯಾಗಿ ಸಿಕ್ಕಿಸಿದಳು.

"ಪುರಿ ಎಲ್ಲ ಸುರಿದ್ಬುಡ್ಬ್ಯಾಡ ಕೂಸೇ. ಕೊನ್ಗ ಒಸಿ ಮಡಿಕ್ಕ," ಎಂದಳು. ಅಷ್ಟೇ.

ನೀರು ಕನ್ನಡಿಯ ಹಾಗಿತ್ತು. ಹುಟ್ಟು ಹಾಕಿ ವರ್ಷಗಳಾಗಿದ್ದವು, ಆದರೆ ತೋಳಿಗೆ ನೆನಪಿತ್ತು. ನಡುವಿಗೆ ಬಂದಾಗ ಆಫೀಸರು ಒಂದು ಹಿಡಿ ಪುರಿ ಎಸೆದರು.

ನೀರು ಕುದಿಯಿತು. ಮೊದಲು ಬೆನ್ನುಗಳು, ಆಮೇಲೆ ಬಾಯಿಗಳು. ನನ್ನಷ್ಟು ಉದ್ದದ ಬಿಳಿಮೀನುಗಳು ಒಂದರ ಮೇಲೊಂದು ಹೊರಳಿ, ಹೊಟ್ಟೆ ಮಿಂಚಿಸಿ, ಹರಿಗೋಲಿಗೆ ಗುದ್ದಿ ಮುಳುಗಿದವು. ಆಫೀಸರು ಕುರ್ಚಿಯ ಮೇಲೆ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ನಾನೂ ಕೂಗಿದೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಂದಾಗಲೂ ಇಷ್ಟು ಮೀನು ನೋಡಿರಲಿಲ್ಲ. ಮುಚ್ಚಿದ್ದಕ್ಕೇ ಮಡು ತುಂಬಿತ್ತು. ಅದು ಸುಳ್ಳಲ್ಲ. ತುಂಬಿದ ಮಡುವಿನ ಮೇಲೆ ನಾವು ತೇಲುತ್ತಿದ್ದೆವು, ನನ್ನ ಗಂಡ ಖಾಲಿ ಕೊರಕಲಿನಲ್ಲಿ ಸತ್ತಿದ್ದ. ಎರಡೂ ಒಟ್ಟಿಗೆ ತಲೆಗೆ ಹತ್ತಿ ನನಗೆ ಅಮಲಾದಂತಾಯಿತು.

"ಸಾಕು. ವಾಪಸ್ ನಡಿ," ಎಂದರು ಪಟೇಲರು. ಎರಡೂ ಕೈಗಳಲ್ಲಿ ಅಂಚು ಹಿಡಿದಿದ್ದರು.

ನಾನು ಹುಟ್ಟನ್ನು ಒಂದೇ ಪಕ್ಕಕ್ಕೆ ಹಾಕಿದೆ. ಮತ್ತೆ ಅದೇ ಪಕ್ಕಕ್ಕೆ.

ಹರಿಗೋಲು ಬುಗುರಿಯಾಯಿತು. ನಮ್ಮ ಕೇರಿ, ಬಂಡೆ, ಹೊಂಗೆ ಮರ, ದೊಡ್ಡಮಾದಯ್ಯನ ದಡ, ಮತ್ತೆ ನಮ್ಮ ಕೇರಿ. ಕುರ್ಚಿ ಒಂದು ಕಾಲಿನ ಮೇಲೆ ನಿಂತು, ಯೋಚಿಸಿ, ನೀರಿಗೆ ಹೋಯಿತು. ಆಫೀಸರು ಒಳಗೇ ಬಿದ್ದರು, ಪಟೇಲರ ಮಡಿಲಲ್ಲಿ.

"ಲೇ! ಲೇ ಮುಂಡೆ! ನಿಲ್ಸೇ!"

"ಹೂಂ ಬುದ್ದಿ," ಎಂದೆ. ತಿರುಗಿಸಿದೆ.

"ನಿಲ್ಸವ್ವಾ! ನಿಮ್ಮಪ್ಪನಾಣೆ, ನಿಲ್ಸು ತಾಯೀ!"

ಮುಂಡೆಯಿಂದ ತಾಯಿಗೆ ಬರಲು ನಾಲ್ಕು ಸುತ್ತೂ ಹಿಡಿಯಲಿಲ್ಲ. ನನಗೆ ನಗು ಕಿತ್ತುಕೊಂಡು ಬರುತ್ತಿತ್ತು. ನಗುತ್ತಲೇ ಕೇಳಿದೆ.

"ಸಾರ್, ಪಟೇಲರಿಗೆ ಪ್ರಶ್ನೆ ಕೇಳಲೇ ಇಲ್ಲ ನೀವು. ನಾನೇ ಕೇಳಿಬಿಡ್ತೀನಿ. ಪಟೇಲರೇ, ಈ ಹರಿಗೋಲು ಹೀಗೇ ಸುರಕ್ಷಿತವಾಗಿ ಉಳಿಯಬೇಕು ಅಂದ್ರೆ, ನೀವು ಎಷ್ಟು ಕೊಡೋಕೆ ತಯಾರಿದ್ದೀರಿ?"

"ಏನ್ ಬೇಕಾದ್ರೂ ಕೊಡ್ತೀನಿ ಕಣವ್ವಾ!"

"ಏನು ಬೇಕಾದರೂ ಅಂತ ಬರೆಯೋಕೆ ಜಾಗ ಇಲ್ಲ. ಆದಾಯದ ಒಳಗೆ ಇರಬೇಕು. ನಿಜವಾಗಿ ಕೊಡೋದಲ್ಲ, ಕೊಡೋ ಹಾಗಿದ್ರೆ."

"ಗುತ್ತಿಗೆ ಬುಟ್ಬುಡ್ತೀನಿ! ಶಿವನಾಣೆ! ಗುತ್ತಿಗೆ ನೀವೇ ಇಟ್ಕಳಿ!"

"ಬರ್ಕೊಂಡ್ರಾ ಸಾರ್?"

ಆಫೀಸರು ಅಂಚಿನಾಚೆಗೆ ತಲೆ ಹಾಕಿ ಮಧ್ಯಾಹ್ನದ ಒಬ್ಬಟ್ಟನ್ನು ಮತ್ಸ್ಯಧಾಮಕ್ಕೆ ಅರ್ಪಿಸುತ್ತಿದ್ದರು. ಮೀನುಗಳು ಅದಕ್ಕೂ ಬಂದವು.

ಪಟೇಲರ ಮಾತನ್ನು ನಾನು ನಂಬಲಿಲ್ಲ. ನಿಜವಾಗಿ ಕೊಡೋದಲ್ಲವಲ್ಲ.

ನಮ್ಮ ದಡದಲ್ಲಿ ಪುಟ್ಟಮಲ್ಲಪ್ಪ ಅತ್ತಿಂದಿತ್ತ ಓಡುತ್ತಿದ್ದ. ಏನೋ ಹೊಳೆದು ಗುಡಿಸಲಿಗೆ ನುಗ್ಗಿ, ಮೇಲಿದ್ದ ಮಹದೇವುವಿನ ಹರಿಗೋಲನ್ನು ಎಳೆದು ಕೆಡವಿ, ದೊರದೊರನೆ ಉರುಳಿಸಿಕೊಂಡು ಬಂದು ನೀರಿಗೆ ತಳ್ಳಿ ಹತ್ತಿದ. ಒಂದು ವರ್ಷದ ಬಿಸಿಲು ಕುಡಿದ ಚರ್ಮ ಹಪ್ಪಳವಾಗಿತ್ತು. ಮೆಟ್ಟಿಲು ಬಿಟ್ಟು ಎರಡು ಮಾರು ಬಂತೋ ಇಲ್ಲವೋ, ಅವನು ಕೂತ ಹಾಗೆಯೇ ನೀರಿನೊಳಕ್ಕೆ ಇಳಿದ. ದೊಣ್ಣೆ ಕೊನೆಗೆ ಮುಳುಗಿತು. ಎದೆಮಟ್ಟದ ನೀರು, ಸಾಯುವಂಥದ್ದಲ್ಲ. ಕೇರಿಯ ನಗು ನೀರಿನ ಮೇಲೆ ಜಾರಿ ನಮ್ಮವರೆಗೂ ಬಂತು. ಅದರಲ್ಲಿ ಅತ್ತೆಯ ನಗು ನನಗೆ ಬೇರೆಯಾಗಿ ಕೇಳಿಸಿತು.

ಆಮೇಲೆ ನೇರ ಹುಟ್ಟು ಹಾಕಿದೆ. ಆಚೆ ದಡದ ಕಡೆಗೆ.

ದಡ ಹತ್ತಿರವಾದಾಗ ಹುಟ್ಟನ್ನು ಒಳಗಿಟ್ಟು ಸೆರಗು ಬಿಚ್ಚಿದೆ. ಚೀಲದ ತಳದಲ್ಲಿ ಉಳಿಸಿದ್ದ ಪುರಿಯನ್ನು ಅದರ ಮಡಿಲಿಗೆ ಹಾಕಿ, ನೀರಿನಲ್ಲಿ ಜೋಲಿಯ ಹಾಗೆ ಬಿಟ್ಟೆ. ಹಿಂದೆಯೇ ಬರುತ್ತಿದ್ದ ಮೀನುಗಳು ಮುತ್ತಿಕೊಂಡವು. ಮನುಷ್ಯರ ಕೈಯಲ್ಲಿ ತಿಂದು ಬೆಳೆದ ಮೀನಿಗೆ ಹೆದರಿಕೆ ಎಲ್ಲಿ? ದೊಡ್ಡವುಗಳನ್ನು ಬಿಟ್ಟೆ. ತೋಳುದ್ದದ್ದು ಒಂದು ಜೋಲಿಯೊಳಗೆ ಬಂದು ಬಾಯಿ ತೆರೆಯಿತು. ಎಳೆಯದು, ಬಸುರಿಯಲ್ಲ. ಎತ್ತಿದೆ.

ಅದು ಪಟೇಲರ ಪಾದದ ಮೇಲೆ ಬಿತ್ತು.

"ಶಿವ ಶಿವಾ! ತಗಿಯೇ! ತಗಿಯೇ ಅದ!"

ಅವರು ಕಾಲೆತ್ತಿದರೆ ಅದು ಪಂಚೆಯೊಳಕ್ಕೆ ನುಗ್ಗಿತು. ಏಳುವಂತಿಲ್ಲ, ಎದ್ದರೆ ಹರಿಗೋಲು ಮಗುಚುತ್ತದೆ. ಕೂರುವಂತಿಲ್ಲ. ಹತ್ತಾರು ಗಾಡಿ ಮೀನನ್ನು ಮೈಸೂರಿಗೆ ಕಳಿಸಿದ ಮನುಷ್ಯ ಮೊದಲ ಸಲ ಮೀನು ಮುಟ್ಟುತ್ತಿದ್ದರು. ಬಾಲ ಬಡಿದ ಕಡೆಯೆಲ್ಲ ವಿಭೂತಿಯ ತೋಳಿಗೆ ಪೊರೆ ಅಂಟಿ ಬೆಳ್ಳಿಯ ಹಾಗೆ ಹೊಳೆಯಿತು.

ದೊಡ್ಡಮಾದಯ್ಯ ಸೊಂಟದವರೆಗೂ ನೀರಿನಲ್ಲಿ ನಿಂತಿದ್ದ. ಬೆಳಗಿನಿಂದ ನಿಂತಿದ್ದನೋ, ನಮ್ಮ ಗಲಾಟೆ ಕೇಳಿ ಇಳಿದನೋ ಗೊತ್ತಿಲ್ಲ. ಬಡಕಲು ಮುದುಕ. ಅಂಚು ಹಿಡಿದು ಹರಿಗೋಲನ್ನು ನಿಲ್ಲಿಸಿದ. ಒಳಕ್ಕೆ ನೋಡಿದ. ಮುದುಡಿಕೊಂಡ ಆಫೀಸರನ್ನು ನೋಡಿದ. ಪಟೇಲರನ್ನು ನೋಡಿದ. ಮೀನನ್ನು ನೋಡಿದ. ನನ್ನ ಬರಿಗೈಗಳನ್ನು, ಬರಿ ಹಣೆಯನ್ನು ನೋಡಿದ. ಗಂಟಲು ಸರಿಮಾಡಿಕೊಂಡು ಕೇಳಬೇಕಾದ್ದನ್ನು ಕೇಳಿದ.

"ಯಾವ್ ನೀರಿಂದವ್ವ?"

ದಡ ಕೈಗೆ ಸಿಕ್ಕಿದ ಮೇಲೆ ಪಟೇಲರಿಗೆ ದನಿ ವಾಪಸ್ಸು ಬಂದಿತ್ತು.

"ಹೇಳೇ," ಎಂದರು ಹಲ್ಲು ಕಚ್ಚಿ. "ಆಫೀಸರ್ ಮುಂದೆ ಹೇಳು ನೋಡಾನ. ಮಡೂದು ಅಂತ ಒಂದ್ ಮಾತ್ ಹೇಳು. ಕೊಳ್ಳೇಗಾಲದ್ ಲಾಕಪ್ಪಲ್ಲಿ ಕೊಳೀತೀಯ ಜನ್ಮವೆಲ್ಲ. ನಿಮ್ಮತ್ತೇನೂ ಹಾಕಿಸ್ತೀನಿ. ಈ ಮುದ್ಕನ್ನೂ ಹಾಕಿಸ್ತೀನಿ. ಹೇಳು, ಯಾವ್ ನೀರಿಂದು?"

ಆಫೀಸರು ಬಾಯಿ ಒರೆಸಿಕೊಂಡು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಜೇಬಿನಲ್ಲಿ ಪೆನ್ನು ಇನ್ನೂ ಇತ್ತು.

ದೊಡ್ಡಮಾದಯ್ಯ ಅಂಚು ಬಿಡಲಿಲ್ಲ. ಅವನಿಗೆ ಉತ್ತರ ಬೇಕಿತ್ತು. ಉತ್ತರವಿಲ್ಲದೆ ಅವನು ತಗೊಳ್ಳುವ ಹಾಗಿಲ್ಲ.

"ಮಡುವಿಂದು ಮಾವ," ಎಂದೆ.

ಅತ್ತ ನಮ್ಮ ದಡದಲ್ಲಿ ಕೇರಿ ಸಾಲಾಗಿ ನಿಂತಿತ್ತು. ಅವರಿಗೂ ಕೇಳಲಿ ಎಂದು ತಿರುಗಿ, ಎದೆಯ ಉಸಿರೆಲ್ಲ ಹಾಕಿ ಕೂಗಿದೆ.

"ಮಡುವಿಂದು! ನಮ್ಮ ಮಡುವಿಂದು!"

ದೊಡ್ಡಮಾದಯ್ಯ ಎರಡೂ ಕೈಗಳಲ್ಲಿ ಮೀನನ್ನು ಎತ್ತಿ ಕಣ್ಣಿಗೊತ್ತಿಕೊಂಡ.

"ಇಳೀರಿ ಬುದ್ದಿ," ಎಂದ ಪಟೇಲರಿಗೆ. "ನಮ್ದು ನಮ್ಗ ಬಂತು. ಬೋರ್ಲಾಕಿ ಒಣಗಿಸ್ಬೇಕು."

ಮಹದೇವುವಿನ ಎರವಲು ತೀರಿತು. ನಾನು ನೀರಿಗಿಳಿದು ಹರಿಗೋಲಿನ ಅಂಚಿನಿಂದ ಕೈ ಬಿಟ್ಟೆ.